ಯುಗಾದಿ: ಹಬ್ಬದ ದಿನವೂ ಅದರ ಗಣನೆಯೂ

ವಸಂತ ಋತುವಿನ ಆಗಮನದೊಂದಿಗೆ ಬರುವ ಯುಗಾದಿಯು ಕನ್ನಡಿಗರ ಹೊಸ ವರ್ಷದ ಹಬ್ಬ. ಚೈತ್ರ ಶುದ್ಧ ಪಾಡ್ಯದಂದು ಬ್ರಹ್ಮನು ಸೃಷ್ಟಿಕಾರ್ಯವನ್ನು ಆರಂಭಿಸಿದನೆಂಬುದು ಪುರಾಣದ ನಂಬಿಕೆ. ನಾಡಿನ ಹೊರಗೆ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಹಬ್ಬವು ಒಂದು ಪ್ರಶ್ನೆಯನ್ನೂ ತರುತ್ತದೆ. ಮುಂಬಯಿ, ಪುಣೆಗಳಲ್ಲಿ ಅದೇ ದಿನ ನೆರೆಮನೆಯ ಮುಂದೆ ಗುಡಿ ಏರುತ್ತದೆ. ಹೈದರಾಬಾದಿನಲ್ಲಿಯೂ ಅಂದೇ ಉಗಾದಿ. ಆದರೆ ಚೆನ್ನೈಯ ತಮಿಳು ನೆರೆಯವರ ಹೊಸ ವರ್ಷ ಬರುವುದು ಏಪ್ರಿಲ್ 14ರ ಸುಮಾರಿಗೆ. ಕಾರಣವೇನೆಂದು ಮಕ್ಕಳು ಕೇಳಿದರೆ ಹಿರಿಯರೂ ತಡವರಿಸುವುದುಂಟು.

ಈ ವ್ಯತ್ಯಾಸವೆಲ್ಲ ಕಾಲಗಣನೆಯದು. ಕರ್ನಾಟಕದ ಬಹುಭಾಗ, ಮಹಾರಾಷ್ಟ್ರ, ಆಂಧ್ರಪ್ರದೇಶ ಮತ್ತು ತೆಲಂಗಾಣಗಳು ಚಾಂದ್ರಮಾನವನ್ನು ಅನುಸರಿಸುತ್ತವೆ. ಫಾಲ್ಗುಣದ ಅಮಾವಾಸ್ಯೆ ಕಳೆದೊಡನೆ ಇಲ್ಲಿ ಸಂವತ್ಸರ ಬದಲಾಗುತ್ತದೆ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳು. ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಈ ಕೊರತೆಯನ್ನು ಹಾಗೆಯೇ ಬಿಟ್ಟಿದ್ದರೆ ಯುಗಾದಿಯು ಮೊದಲು ಮಾಗಿಯ ಚಳಿಗೂ ಅನಂತರ ಮಳೆಗಾಲಕ್ಕೂ ಜಾರಿಹೋಗುತ್ತಿತ್ತು. ಅದನ್ನು ತಡೆಯಲೆಂದೇ ಸುಮಾರು 32-33 ತಿಂಗಳಿಗೊಮ್ಮೆ ಅಧಿಕಮಾಸವನ್ನು ಸೇರಿಸಲಾಗುತ್ತದೆ. 2023ರಲ್ಲಿ ಯುಗಾದಿಯು ಮಾರ್ಚ್ 22ರಂದು ಬಂದಿತ್ತು. ಆ ವರ್ಷ ಅಧಿಕ ಶ್ರಾವಣ ಸೇರಿದ್ದರಿಂದ ಮುಂದಿನ ಯುಗಾದಿ 2024ರ ಏಪ್ರಿಲ್ 9ಕ್ಕೆ ಹೋಯಿತು. 2025ರಲ್ಲಿ ಮತ್ತೆ ಮಾರ್ಚ್ 30ಕ್ಕೆ ಹಿಂದೆ ಬಂದಿತು.

ತಮಿಳುನಾಡಿನದು ಸೌರಮಾನ. ಸೂರ್ಯನು ಮೇಷ ರಾಶಿಯನ್ನು ಪ್ರವೇಶಿಸುವುದೇ ಅಲ್ಲಿ ವರ್ಷಾರಂಭ. ತುಳುನಾಡಿನ ಬಿಸು ಹಬ್ಬವೂ ಇದೇ ಗಣನೆಯದಾದುದರಿಂದ, ಕನ್ನಡ ನಾಡಿನೊಳಗೇ ಎರಡು ಯುಗಾದಿಗಳಿವೆ. ದೆಹಲಿಯ ಕಡೆ ಇನ್ನೊಂದು ವಿಶೇಷವಿದೆ. ಉತ್ತರದಲ್ಲಿ ಹುಣ್ಣಿಮೆಗೆ ಮಾಸ ಮುಗಿಯುವುದರಿಂದ ಹೋಳಿಯ ಮರುದಿನವೇ ಚೈತ್ರ ಆರಂಭವಾಗುತ್ತದೆ. ಆದರೆ ವಿಕ್ರಮ ಸಂವತ್ಸರ ಬದಲಾಗುವುದು ಹದಿನೈದು ದಿನಗಳ ತರುವಾಯ, ನಮ್ಮ ಯುಗಾದಿಯಂದೇ. ಮಾಸದ ನಡುವೆ ವರ್ಷ ಹುಟ್ಟುವ ಈ ಕ್ರಮ ದಕ್ಷಿಣದವರಿಗೆ ವಿಚಿತ್ರವೆನಿಸುವುದು ಸಹಜ.

ಯುಗಾದಿಯಂದು ಓದುವ ಪಂಚಾಂಗದಲ್ಲಿ ಶಾಲಿವಾಹನ ಶಕೆಯ ಉಲ್ಲೇಖವಿರುತ್ತದೆ. ಕ್ರಿ.ಶ. 78ರಿಂದ ಎಣಿಸುವ ಈ ಶಕೆ ಕನ್ನಡಿಗರಿಗೆ ಹಳೆಯ ಪರಿಚಯ. ಚಾಲುಕ್ಯರ ಒಂದನೆಯ ಪುಲಕೇಶಿಯ ಬಾದಾಮಿಯ ಬಂಡೆ ಶಾಸನದಲ್ಲಿ ಶಕವರ್ಷ 465, ಅಂದರೆ ಕ್ರಿ.ಶ. 543, ನಮೂದಾಗಿದೆ. ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನಂತೆ ಭಾರತ ಸರ್ಕಾರವು ಇದೇ ಶಕೆಯನ್ನು ಆಧರಿಸಿದ ರಾಷ್ಟ್ರೀಯ ಪಂಚಾಂಗವನ್ನು 1957ರ ಮಾರ್ಚ್ 22ರಿಂದ ಜಾರಿಗೆ ತಂದಿತು. ಇದರ ಚೈತ್ರ 1 ಪ್ರತಿವರ್ಷ ಮಾರ್ಚ್ 22ಕ್ಕೆ, ಅಧಿಕವರ್ಷದಲ್ಲಿ 21ಕ್ಕೆ ಬರುತ್ತದೆ. ಅದು ಸೂರ್ಯನನ್ನೇ ಅನುಸರಿಸುವ ಪಂಚಾಂಗ. ಆ ದಿನವನ್ನು ಯುಗಾದಿಯೆಂದು ಭಾವಿಸುವುದು ಸರಿಯಲ್ಲ. 2023ರಲ್ಲಿ ಇವೆರಡೂ ಒಂದೇ ದಿನ ಬಂದದ್ದು ಕಾಕತಾಳೀಯ.

ಆಚರಣೆಯ ವಿಷಯದಲ್ಲಿ ಮಾತ್ರ ಈ ಲೆಕ್ಕಾಚಾರದ ಗಡಿಗಳು ಸಡಿಲವಾಗುತ್ತವೆ. ಮಾವಿನ ತೋರಣ, ಎಣ್ಣೆಸ್ನಾನ, ಹೊಸ ಬಟ್ಟೆ, ಪಂಚಾಂಗ ಶ್ರವಣ ಎಲ್ಲ ಮನೆಗಳಲ್ಲಿಯೂ ಪರಿಚಿತ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಎತ್ತುಗಳನ್ನು ಸಿಂಗರಿಸಿ ಹೊನ್ನಾರು ಕಟ್ಟಿ ವರ್ಷದ ಮೊದಲ ಉಳುಮೆ ಮಾಡುವ ಪದ್ಧತಿಯಿದೆ. ಮರುದಿನ ಸಂಜೆ ಬಿದಿಗೆಯ ಎಳೆಚಂದ್ರನನ್ನು ಕಂಡು ಹಿರಿಯರಿಗೆ ನಮಸ್ಕರಿಸಲಾಗುತ್ತದೆ. ನಗರದ ಎತ್ತರದ ಕಟ್ಟಡಗಳ ನಡುವೆ ಆ ಗೆರೆಯಂಥ ಚಂದ್ರನನ್ನು ಹುಡುಕುವುದು ಈಗ ಸುಲಭವಲ್ಲ.

ಬೇವು-ಬೆಲ್ಲವಿಲ್ಲದೆ ಯುಗಾದಿಯಿಲ್ಲ. ನೂರು ವರ್ಷದ ಆಯುಷ್ಯವನ್ನೂ ದೃಢಕಾಯವನ್ನೂ ಕೋರುವ ಶ್ಲೋಕವನ್ನು ಹೇಳಿ ಇದನ್ನು ಸೇವಿಸುತ್ತಾರೆ. ಬರುವ ವರ್ಷದ ಸಿಹಿಕಹಿಗಳೆರಡನ್ನೂ ಸಮನಾಗಿ ಸ್ವೀಕರಿಸಬೇಕೆಂಬುದು ಇದರ ಆಶಯ. ಬೇವು ಹೂಬಿಡುವ, ಮಾವು ಕಾಯಿಕಟ್ಟುವ ಕಾಲವಿದು. ತೆಲುಗರು ಬೇವಿನ ಹೂವಿನೊಂದಿಗೆ ಹೊಸ ಬೆಲ್ಲ, ಹುಣಿಸೆ, ಮಾವಿನಕಾಯಿ, ಉಪ್ಪು, ಖಾರ ಸೇರಿಸಿ ಆರು ರುಚಿಗಳ ಪಚ್ಚಡಿ ಮಾಡುತ್ತಾರೆ. ಮರಾಠಿಗರು ಗುಡಿಗೆ ರೇಷ್ಮೆಯ ವಸ್ತ್ರ, ಸಕ್ಕರೆಯ ಹಾರಗಳ ಜೊತೆಗೆ ಬೇವಿನ ಚಿಗುರನ್ನೂ ಕಟ್ಟುತ್ತಾರೆ. ಕೆಲವು ವಾರಗಳ ಅನಂತರ ಹೊಸ ವರ್ಷವನ್ನು ಬರಮಾಡಿಕೊಳ್ಳುವ ತಮಿಳರ ಮನೆಯಲ್ಲಿ ಅಂದು ಬಡಿಸುವ ಮಾವಿನಕಾಯಿ ಪಚ್ಚಡಿಗೂ ಬೆಲ್ಲದೊಡನೆ ಬೇವಿನ ಹೂವು ಸೇರುತ್ತದೆ.