ಗಡಿಯ ಇಬ್ಬದಿಗೂ ಒಂದೇ ಆಸ್ಪತ್ರೆ

ಪ್ರಶ್ನೆ: ಎರಡು ದೇಶಗಳು ಸೇರಿ ಬೆಟ್ಟದ ಸೀಮೆಯಲ್ಲಿ ಒಂದೇ ಆಸ್ಪತ್ರೆ ನಡೆಸುತ್ತಿವೆಯಂತೆ, ನಿಜವೇ? ಹಣ ಯಾರದು?

ಉತ್ತರ: ನಿಜ. ಪಿರನೀಸ್ ಪರ್ವತಗಳ ನಡುವಿನ ಸೆರ್ದಾನ್ಯ ಕಣಿವೆಯನ್ನು 1659ರ ಒಪ್ಪಂದ ಫ್ರಾನ್ಸ್ ಮತ್ತು ಸ್ಪೇನ್‌ಗೆ ಹಂಚಿಬಿಟ್ಟಿತು. ಎರಡೂ ಬದಿ ಸೇರಿದರೂ ಜನ ಸುಮಾರು 30 ಸಾವಿರ. ಇಷ್ಟು ಕಡಿಮೆ ಜನರಿಗೆ ಬದಿಗೊಂದು ಆಸ್ಪತ್ರೆ ಎಂದರೆ ಯಾವ ಸರ್ಕಾರವೂ ಹಿಂಜರಿಯುತ್ತದೆ. ಫ್ರೆಂಚ್ ಬದಿಯ ಬಸುರಿಯರು ಚಳಿಗಾಲದಲ್ಲಿ ಹಿಮ ಬಿದ್ದ ದಾರಿಯಲ್ಲೇ ಸುಮಾರು 100 ಕಿ.ಮೀ. ದೂರದ ಪೆರ್ಪಿನ್ಯಾ ನಗರಕ್ಕೆ ಇಳಿಯಬೇಕಿತ್ತು. ಆ ಪ್ರಯಾಣ ನೆನೆದರೆ ಎದೆ ಝಲ್ಲೆನ್ನುತ್ತದೆ.

ಸ್ಪೇನ್ ಬದಿಯ ಪುಯಿಗ್‌ಸೆರ್ದಾ ಪಟ್ಟಣದಲ್ಲಿ 2014ರಲ್ಲಿ ಜಂಟಿ ಆಸ್ಪತ್ರೆ ತೆರೆಯಿತು. ಕಟ್ಟಲು ತಗುಲಿದ ಸುಮಾರು 3.1 ಕೋಟಿ ಯೂರೋದಲ್ಲಿ ಶೇ 60ರಷ್ಟನ್ನು ಐರೋಪ್ಯ ಒಕ್ಕೂಟದ ಪ್ರಾದೇಶಿಕ ಅಭಿವೃದ್ಧಿ ನಿಧಿ ಕೊಟ್ಟಿತು. ದಿನನಿತ್ಯದ ಖರ್ಚನ್ನು ಸ್ಪೇನ್ ಬದಿಯ ಕ್ಯಾಟಲೋನಿಯಾ ಪ್ರಾಂತ್ಯ ಶೇ 60, ಫ್ರಾನ್ಸ್ ಶೇ 40ರಂತೆ ಹೊರುತ್ತವೆ.

ಕಟ್ಟಡಕ್ಕಿಂತ ಕಾಗದಪತ್ರದ ತೊಡಕೇ ದೊಡ್ಡದು. ಫ್ರೆಂಚ್ ದಂಪತಿಯ ಮಗು ಇಲ್ಲಿ ಹುಟ್ಟಿದರೆ ಸ್ಪೇನ್ ನೆಲದಲ್ಲಿ ಹುಟ್ಟಿದಂತಾಗಿ ನೋಂದಣಿಗೆ ಅಲೆದಾಟ. ಇಲ್ಲಿ ತೀರಿಕೊಂಡವರ ದೇಹವನ್ನು ನಾಲ್ಕು ಹೆಜ್ಜೆ ಆಚೆಯ ಊರಿಗೆ ಒಯ್ಯುವುದೂ ಎರಡು ದೇಶಗಳ ನಡುವಿನ ವ್ಯವಹಾರವೇ. ಆಸ್ಪತ್ರೆಯ ಆಡಳಿತವನ್ನಂತೂ ಐರೋಪ್ಯ ಕಾನೂನಿನಡಿ ರಚಿಸಿದ ಜಂಟಿ ಸಂಸ್ಥೆಗೆ ಒಪ್ಪಿಸಿದ್ದಾರೆ. ಅದರಲ್ಲಿ ಇಬ್ಬದಿಯವರೂ ಕೂತು ತೀರ್ಮಾನಿಸುತ್ತಾರೆ.