ಬಾವೆಲ್ಲವೂ ಕೇಡಲ್ಲ: ಮಾಂಸಖಂಡವು ಮರಳಿ ಬೆಳೆಯುವ ಬಗೆ

ದುಡಿಯುವವನಿಗೆ ತೋಳು ಕಾಲುಗಳೇ ಬಂಡವಾಳ. ಅಡಿಗೆಮನೆಯಲ್ಲಿ ಹಂಡೆ ಎತ್ತುವವರಿಗೂ, ರೈಲಿನ ಕಂಬಿ ಹಿಡಿದು ನಿಂತು ಕಛೇರಿಗೆ ಹೋಗುವವರಿಗೂ ಈ ಮಾತನ್ನು ನಾವು ವಿವರಿಸಬೇಕಾದುದಿಲ್ಲ. ಪೆಟ್ಟು ತಗಲಿದ ಜಾಗವು ಕೆಂಪೇರಿ ಬಾತುಕೊಂಡರೆ ನಾವೆಲ್ಲರೂ ಅದನ್ನು ಕೇಡೆಂದೇ ಬಗೆಯುತ್ತೇವೆ. ಆದರೆ ಮಾಂಸಖಂಡದ ದುರಸ್ತಿಯು ಆರಂಭವಾಗುವುದು ಆ ಉರಿಯೂತದಿಂದಲೇ.

ಮಾಂಸಖಂಡದ ಎಳೆಗಳ ಅಂಚಿನಲ್ಲಿ ಪುಟ್ಟ ಜೀವಕೋಶಗಳು ನಿದ್ರಿಸುತ್ತಿರುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿಯು ಕಪ್ಪೆಯ ಮಾಂಸಖಂಡವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇವುಗಳನ್ನು ‘ಉಪಗ್ರಹ ಕೋಶ’ಗಳೆಂದು ಕರೆದರು. ಗಾಯವಾದಾಗ ಇವು ಎಚ್ಚೆತ್ತು, ವೃದ್ಧಿಸಿ, ಪರಸ್ಪರ ಬೆಸೆದುಕೊಂಡು ಹೊಸ ಎಳೆಗಳನ್ನು ಕಟ್ಟುತ್ತವೆ.

ಈ ಕೆಲಸಗಾರರಿಗೆ ಮೇಸ್ತ್ರಿಗಳೂ ಬೇಕು. ರಕ್ತದಿಂದ ಬಂದಿಳಿಯುವ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಮೊದಲು ಸತ್ತ ಎಳೆಗಳನ್ನು ನುಂಗಿ ಕಸ ತೆಗೆಯುತ್ತವೆ. ಕೆಲವು ದಿನಗಳಲ್ಲಿ ಅವೇ ಸ್ವಭಾವವನ್ನು ಬದಲಿಸಿಕೊಂಡು, ಉರಿಯನ್ನು ತಣಿಸಿ, ಎಳೆ ಕಟ್ಟಲು ನೆರವಾಗುತ್ತವೆ. 2007ರಲ್ಲಿ ಫ್ರಾನ್ಸಿನ ಸಂಶೋಧಕರು ಇದನ್ನು ಇಲಿಗಳಲ್ಲಿ ತೋರಿಸಿಕೊಟ್ಟರು. ಮೊದಲ ಪಂಕ್ತಿ ಎದ್ದ ಮೇಲೆ ಎಂಜಲು ತೆಗೆಯದೆ ಎರಡನೆಯ ಪಂಕ್ತಿಗೆ ಎಲೆ ಹಾಕಲಾಗದು. ಒರೆಸುತ್ತಲೇ ಇದ್ದರೆ ಯಾರಿಗೂ ಊಟವಿಲ್ಲ.

ಅಪಘಾತದಲ್ಲಿಯೋ ಯುದ್ಧದಲ್ಲಿಯೋ ಮಾಂಸಖಂಡದ ದೊಡ್ಡ ಭಾಗವೇ ನಷ್ಟವಾದಾಗ ಈ ಕ್ರಮವು ಕೆಡುತ್ತದೆ. ಉರಿಯೂತವು ಆರದೆ ಉಳಿದು, ಎಳೆಗಳ ಬದಲು ಗಡುಸಾದ ನಾರು ತುಂಬಿಕೊಳ್ಳುತ್ತದೆ. ಗಾಯವು ಮಾಯುತ್ತದೆ, ಬಲವು ಮರಳುವುದಿಲ್ಲ. ರಕ್ಷಕ ಕೋಶಗಳನ್ನು ಅಡಗಿಸದೆ, ಸಕಾಲದಲ್ಲಿ ಕಟ್ಟುವ ಕೆಲಸದತ್ತ ತಿರುಗಿಸುವುದೇ ಹೊಸ ಚಿಕಿತ್ಸೆಯ ಗುರಿ.

ಅಮೆರಿಕದ ಪಿಟ್ಸ್‌ಬರ್ಗಿನ ವೈದ್ಯರು ಹಂದಿಯ ಮೂತ್ರಕೋಶದಿಂದ ಜೀವಕೋಶಗಳನ್ನೆಲ್ಲ ತೊಳೆದು ತೆಗೆದು, ಉಳಿದ ಹಂದರವನ್ನು ಕಾಲಿನ ಮಾಂಸಖಂಡ ಕಳೆದುಕೊಂಡ ಐವರಲ್ಲಿ ಇರಿಸಿದರು. 2014ರಲ್ಲಿ ಪ್ರಕಟವಾದ ಅವರ ವರದಿಯಂತೆ ಮೂವರ ಕಾಲುಗಳ ಕಾರ್ಯವು ಸುಧಾರಿಸಿತು. ಆ ಬಗೆಯ ಹಂದರದ ಮರ್ಮವನ್ನು 2016ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರು ಇಲಿಗಳಲ್ಲಿ ಶೋಧಿಸಿದರು: ಅದು ಟಿ ಕೋಶಗಳೆಂಬ ರಕ್ಷಕರನ್ನು ಬರಮಾಡಿಕೊಳ್ಳುತ್ತದೆ, ಅವು ಮ್ಯಾಕ್ರೋಫೇಜುಗಳನ್ನು ದುರಸ್ತಿಗೆ ಹಚ್ಚುತ್ತವೆ. ಟಿ ಕೋಶಗಳಿಲ್ಲದ ಇಲಿಗಳಲ್ಲಿ ದುರಸ್ತಿಯು ಕುಂಠಿತವಾಯಿತು. ಅಂದರೆ ಹಂದರವು ಬರಿಯ ಇಟ್ಟಿಗೆಯಲ್ಲ, ದೇಹಕ್ಕೆ ಕಳುಹಿಸಿದ ಓಲೆ.

ಇಷ್ಟರಿಂದಲೇ ನಾವು ಹಿಗ್ಗಬೇಕಾಗಿಲ್ಲ. ಐವರಲ್ಲಿ ಇಬ್ಬರಿಗೆ ಹೇಳಿಕೊಳ್ಳುವಂತಹ ಫಲ ದೊರೆಯಲಿಲ್ಲವೆಂಬುದನ್ನೂ ನೆನೆಯಬೇಕು. ಇಂತಹ ಚಿಕಿತ್ಸೆಗಳು ಇನ್ನೂ ಪರೀಕ್ಷೆಯ ಹಂತದಲ್ಲಿವೆ. ಶಸ್ತ್ರಚಿಕಿತ್ಸೆ ಮತ್ತು ತಾಳ್ಮೆಯ ಅಂಗಸಾಧನೆಗಳೇ ಇಂದಿಗೂ ಆಧಾರ. ಬಾವೆಲ್ಲವೂ ಕೇಡಲ್ಲವೆಂದ ಮಾತ್ರಕ್ಕೆ ಅಸಡ್ಡೆಯೂ ಸಲ್ಲದು. ಜಜ್ಜಿದ ಪೆಟ್ಟಿನ ಬಳಿಕ ಬಾವು ಬಿಗಿಯುತ್ತ ನೋವು ಏರುತ್ತಲೇ ಹೋದರೆ, ಎಣ್ಣೆ ತಿಕ್ಕುತ್ತ ಕೂರದೆ, ರಜೆಯ ಚಿಂತೆ ಬಿಟ್ಟು, ಕೂಡಲೇ ಆಸ್ಪತ್ರೆ ಸೇರತಕ್ಕದ್ದು. ಕೂಲಿ ಒಂದು ದಿನದ್ದು, ಕಾಲು ಬಾಳಿನದು.