ಆಡು ಮುಟ್ಟದ ಸೊಪ್ಪು

"ಆಡು ಮುಟ್ಟದ ಸೊಪ್ಪಿಲ್ಲ" ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಆಡು ಮುಟ್ಟದ ಸೊಪ್ಪೊಂದು ನಂಜನಗೂಡು, ತಿ. ನರಸೀಪುರದ ಕಡೆಯ ಬೇಲಿಗಳಲ್ಲೇ ಬೆಳೆಯುತ್ತದೆ. ಅದೇ ಆಡುಸೋಗೆ. ಎಲೆ ಬಲು ಕಹಿ, ವಾಸನೆಯೂ ಘಾಟು. ಹಾಗಾಗಿ ಆಡು, ದನ ಇದರ ಹತ್ತಿರ ಸುಳಿಯುವುದಿಲ್ಲ, ಬೇಲಿ ಉಳಿಯುತ್ತದೆ.

ಇದು ಆಳೆತ್ತರದ ಪೊದೆ. ಈಟಿಯಂಥ ಉದ್ದನೆಯ ಎಲೆಗಳು ಎದುರುಬದುರಾಗಿರುತ್ತವೆ. ಬಿಳಿ ಹೂವಿನ ತುಟಿಯ ಮೇಲೆ ನೇರಳೆ ಗೆರೆಗಳಿರುತ್ತವೆ. 1753ರಲ್ಲಿ ಲಿನೇಯಸ್ ಇದಕ್ಕೆ 'ಜಸ್ಟೀಸಿಯ ಅಧತೋಡ' ಎಂದು ಹೆಸರಿಟ್ಟರು. 'ಅಧತೋಡ' ಎಂಬುದು ತಮಿಳಿನ 'ಆಡಾತೊಡೈ'ಯಿಂದ ಬಂದದ್ದು. ಅದರರ್ಥವೂ ಆಡು ಮುಟ್ಟದ್ದು ಎಂದೇ!

ಔಷಧಿಗೂ ನಂಜನಗೂಡಿಗೂ ಹಳೆಯ ನಂಟು. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಆರಂಭಿಸಿದ್ದು ಇಲ್ಲೇ. ತನ್ನ ಆನೆಯ ಕಣ್ಣು ವಾಸಿಯಾದದ್ದಕ್ಕೆ ಟಿಪ್ಪು ಸುಲ್ತಾನ್ ಇಲ್ಲಿನ ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದರೆಂಬ ಐತಿಹ್ಯವೂ ಇದೆ. ಆಯುರ್ವೇದದ 'ವಾಸಾ', ಯುನಾನಿ ಹಕೀಮರ 'ಅಡೂಸಾ' ಎರಡೂ ಈ ಗಿಡವೇ. ಇಬ್ಬರೂ ಇದನ್ನು ಕೊಡುವುದು ಕೆಮ್ಮು, ಕಫಕ್ಕೆ.

ಇದು ಬರೀ ನಂಬಿಕೆಯಲ್ಲ. ಎಲೆಯಲ್ಲಿ 'ವಾಸಿಸಿನ್' ಎಂಬ ಆಲ್ಕಲಾಯ್ಡ್ ಇದೆ. ಅದರ ರಚನೆಯನ್ನು ಆಧರಿಸಿ ತಯಾರಿಸಿದ 'ಬ್ರೋಮ್‌ಹೆಕ್ಸಿನ್' 1960ರ ದಶಕದಲ್ಲಿ ಬಳಕೆಗೆ ಬಂತು. ಅದು ಗಟ್ಟಿ ಕಫವನ್ನು ತೆಳುವಾಗಿಸುತ್ತದೆ, ಕೆಮ್ಮಿದಾಗ ಕಫ ಸಲೀಸಾಗಿ ಹೊರಬರುತ್ತದೆ. ಮನೆಯಲ್ಲಿರುವ ಸಿರಪ್ ಬಾಟಲಿಯ ಚೀಟಿ ಓದಿ ನೋಡಿ. ಬ್ರೋಮ್‌ಹೆಕ್ಸಿನ್ ಅಥವಾ ಅದರಿಂದಲೇ ಬಂದ 'ಆಂಬ್ರಾಕ್ಸಾಲ್' ಹೆಸರು ಕಾಣಬಹುದು.

ಇಷ್ಟೆಲ್ಲ ನಾನು ಹುಡುಕಿ ಓದಿದ್ದು ನನ್ನ ದಾದಿಯಿಂದಾಗಿ. ತಿ. ನರಸೀಪುರದ ಹತ್ತಿರದ ಹಳ್ಳಿಯಲ್ಲಿರುವ ಅವರಿಗೆ ಹೋದ ವರ್ಷ ಕೆಮ್ಮು ಶುರುವಾಯಿತು. ಬೇಲಿಯ ಎಲೆ ಕಿತ್ತು, ಕಾಳುಮೆಣಸು ಹಾಕಿ ಕುದಿಸಿ, ಜೇನು ಬೆರೆಸಿ ಕುಡಿದರು. ಕಫ ಸಡಿಲವಾಯಿತು, ಸಮಾಧಾನವೂ ಆಯಿತು. ಆದರೆ ಕೆಮ್ಮು ನಿಲ್ಲಲಿಲ್ಲ. "ಕಷಾಯ ಕುಡಿಯುತ್ತಿದ್ದಾರಲ್ಲ" ಎಂದು ನಾವೂ ಸುಮ್ಮನಿದ್ದೆವು. ಎರಡು ತಿಂಗಳು ಕಳೆಯಿತು. ಸಂಜೆ ಜ್ವರ ಬರತೊಡಗಿತು, ಮೈ ಇಳಿಯಿತು. ಕಫ ಪರೀಕ್ಷೆ ಮಾಡಿಸಿದಾಗ ಕ್ಷಯ ಎಂದು ತಿಳಿಯಿತು. ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರು. ಅಲ್ಲಾಹನ ಕೃಪೆಯಿಂದ ಈಗ ಚೆನ್ನಾಗಿದ್ದಾರೆ.

ತಪ್ಪು ಗಿಡದ್ದಲ್ಲ, ನಮ್ಮದು. ಕಫ ಕರಗಿಸುವ ಗಿಡದಿಂದ ಕ್ಷಯದ ರೋಗಾಣುವೂ ಸಾಯುತ್ತದೆಂದು ನಂಬಿ ಕೂರಬಾರದಿತ್ತು.

ಗೆಳೆಯರೇ, ಎರಡು ಮಾತು ನೆನಪಿಡಿ. ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಕ್ಷಯದ ಮಾತ್ರೆಯೂ ಉಚಿತ. ಗರ್ಭಿಣಿಯರಿಗೆ ಆಡುಸೋಗೆ ಕಷಾಯ ಕೊಡಬೇಡಿ, ವಾಸಿಸಿನ್ ಗರ್ಭಕೋಶವನ್ನು ಸಂಕುಚಿಸುತ್ತದೆ.

ದಾದಿಯ ಬೇಲಿಯಲ್ಲಿ ಆಡುಸೋಗೆ ಈಗಲೂ ಇದೆ. ನೆಗಡಿಯಾದರೆ ಅವರು ಈಗಲೂ ನಾಲ್ಕು ಎಲೆ ಕೀಳುತ್ತಾರೆ. ದಿನ ಎಣಿಸುವ ಕೆಲಸ ಮಾತ್ರ ನನ್ನದು.